ಬೆಟ್ಟದ ಹುಲ್ಲಿನೊಳಗೆ ಬಾಳುವ ಶಿಲೀಂಧ್ರ: ಎಪಿಕ್ಲೋಯಿ ಕುರಿತು ಅಧ್ಯಯನ ಟಿಪ್ಪಣಿ

ಸಸ್ಯ ಮತ್ತು ಶಿಲೀಂಧ್ರದ ಸಹಜೀವನ ಎಂದೊಡನೆ ನಮಗೆ ಮೊದಲು ನೆನಪಾಗುವುದು ಬೇರಿನ ಮೈಕೊರೈಜಾ. ಇಲ್ಲಿ ಓದಲಿರುವುದು ನೆಲದ ಮೇಲಿನ ಭಾಗದಲ್ಲಿ ನಡೆಯುವ ಇನ್ನೊಂದು ಸಹಜೀವನ. ಎಪಿಕ್ಲೋಯಿ ಕುಲದ ಶಿಲೀಂಧ್ರಗಳು ಹುಲ್ಲಿನ ಕಾಂಡ, ಎಲೆಯ ಒರೆ, ತೆನೆ ಮತ್ತು ಬೀಜದಲ್ಲಿ ವಾಸಿಸುತ್ತವೆ. ಹೀಗೆ ಸಸ್ಯದ ಒಳಗೇ ಬಾಳುವ ಜೀವಿಗಳಿಗೆ ಎಂಡೋಫೈಟ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಸಾಮಾನ್ಯವಾಗಿ ಚುಕ್ಕೆಯಿಲ್ಲ, ಬಾಡುವಿಕೆಯಿಲ್ಲ. ಶಿಲೀಂಧ್ರ ಇರುವ ಗಿಡ ಯಾವುದು, ಇಲ್ಲದ್ದು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಇದರ ಹತ್ತಿರದ ಬಂಧುವೊಂದು ನಮ್ಮ ಹೊಲಗಳಲ್ಲೇ ಇದೆ. ಸಜ್ಜೆ, ಜೋಳದ ತೆನೆಯಿಂದ ಜೇನಿನಂಥ ಅಂಟುರಸ ಸುರಿಸುವ ಎರ್ಗಟ್ ರೋಗಕ್ಕೆ ಕಾರಣವಾದ ಕ್ಲಾವಿಸೆಪ್ಸ್ ಕೂಡ ಎಪಿಕ್ಲೋಯಿಯ ಕುಟುಂಬಕ್ಕೇ ಸೇರಿದ್ದು. ಕ್ಲಾವಿಸೆಪ್ಸ್ ಹೂವಿನ ಅಂಡಾಶಯವನ್ನು ಹಿಡಿದು ಕಾಳಿನ ಜಾಗವನ್ನು ತಾನೇ ಆಕ್ರಮಿಸುತ್ತದೆ. ಎಪಿಕ್ಲೋಯಿ ಸಾಮಾನ್ಯವಾಗಿ ಹಾಗಲ್ಲ, ಕಾಳು ಕಟ್ಟಲು ಬಿಟ್ಟು ಅದರೊಳಗೆ ತಾನೂ ಸೇರಿಕೊಳ್ಳುತ್ತದೆ.

ಒಳಗಿನ ಬೆಳವಣಿಗೆಯನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ತಂತುಗಳು, ಅಂದರೆ ಶಿಲೀಂಧ್ರದ ಮೈಯಾದ ಸಣ್ಣ ಎಳೆಗಳು, ಸಸ್ಯದ ಜೀವಕೋಶದೊಳಕ್ಕೆ ನುಗ್ಗುವುದಿಲ್ಲ, ಕೋಶಗಳ ನಡುವಿನ ಸಂದಿಯಲ್ಲಿ ಉದ್ದುದ್ದಕ್ಕೆ ಸಾಗುತ್ತವೆ. ಶಿಲೀಂಧ್ರದ ತಂತು ಸಾಮಾನ್ಯವಾಗಿ ತುದಿಯಲ್ಲಿ ಬೆಳೆಯುತ್ತದೆ. ಆದರೆ ಹುಲ್ಲಿನ ಎಲೆ ಬೆಳೆಯುವುದು ಬುಡದಲ್ಲಿ. ಸುತ್ತಲಿನ ಕೋಶಗಳು ಹಿಗ್ಗುತ್ತಿರುವಾಗ ತುದಿಯಲ್ಲಷ್ಟೇ ಬೆಳೆಯುವ ತಂತು ಎಳೆತಕ್ಕೆ ಸಿಕ್ಕು ಹರಿದುಹೋಗಬೇಕು. ಎಪಿಕ್ಲೋಯಿಯ ತಂತು ಎಲೆ ಹಿಗ್ಗುವ ಭಾಗದಲ್ಲಿ ತನ್ನ ಮೈಯುದ್ದಕ್ಕೂ ಹಿಗ್ಗುತ್ತದೆ, ಎಲೆಯ ಬೆಳವಣಿಗೆ ನಿಂತಾಗ ತಾನೂ ನಿಲ್ಲುತ್ತದೆ. ಹೂ ಬಿಡುವ ಕಾಲಕ್ಕೆ ತೆನೆಗೆ ಏರಿ, ಅಂಡಕದ ಮೂಲಕ ಬೀಜ ಸೇರಿ, ಮುಂದಿನ ಸಸಿಯ ಜೊತೆಗೇ ಮೊಳೆಯುತ್ತದೆ. ತಾಯಿಗಿಡದಿಂದ ಬೀಜಕ್ಕೆ ದಾಟುವ ಇದನ್ನು ಲಂಬ ಪ್ರಸರಣ ಎನ್ನುತ್ತೇವೆ. ಪರಾಗದ ಮೂಲಕ ಇದು ದಾಟುವುದಿಲ್ಲ.

ಕೆಲವು ಪ್ರಭೇದಗಳಿಗೆ ಇನ್ನೊಂದು ದಾರಿಯೂ ಇದೆ. ಹೂಗೊಂಚಲು ಹೊರಬರುವ ಮೊದಲೇ ಅದರ ಸುತ್ತ ಬಿಳಿಯ ತಂತುಗಳ ಒತ್ತಾದ ಪದರ ಕಟ್ಟಿ, ಹೂ ಅರಳದಂತೆ ಬಿಗಿದುಬಿಡುತ್ತವೆ. ಬೊಟಾನೊಫೈಲಾ ಎಂಬ ನೊಣ ಆ ಪದರವನ್ನು ಮೇಯುತ್ತದೆ. ಅದು ತಿಂದ ಸಂತಾನ ಕಣಗಳು ಜೀರ್ಣವಾಗದೆ ಉಳಿದು, ನೊಣ ಇನ್ನೊಂದು ಗಿಡದ ಪದರದ ಮೇಲೆ ಮೊಟ್ಟೆಯಿಟ್ಟು ಮಲ ಸವರುವಾಗ ಅಲ್ಲಿಗೆ ಸೇರುತ್ತವೆ. ಶಿಲೀಂಧ್ರದ ಲೈಂಗಿಕ ಮಿಲನ ನಡೆಯುವುದು ಹೀಗೆ. ದುಂಬಿಯೊಂದು ಹೂವಿಗೆ ಮಾಡುವ ಕೆಲಸವನ್ನು ನೊಣವೊಂದು ಶಿಲೀಂಧ್ರಕ್ಕೆ ಮಾಡುವುದು ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಹುಲ್ಲಿಗೆ ಮಾತ್ರ ಇದರಿಂದ ನಷ್ಟವೇ, ಆ ಕಾಂಡ ಬೀಜ ಕಟ್ಟುವುದಿಲ್ಲ.

ಹುಲ್ಲಿಗೆ ಇದರಿಂದ ಏನು ಲಾಭ? ಪಠ್ಯಪುಸ್ತಕದ ಉತ್ತರ: ಆಲ್ಕಲಾಯ್ಡ್‌ಗಳು, ಅಂದರೆ ಶಿಲೀಂಧ್ರ ತಯಾರಿಸುವ, ಸಾರಜನಕವುಳ್ಳ ವಿಷಕಾರಿ ರಾಸಾಯನಿಕಗಳು. ಎರ್ಗಟ್ ಆಲ್ಕಲಾಯ್ಡ್ ಮತ್ತು ಇಂಡೋಲ್ ಡೈಟರ್ಪೀನ್ ಮುಖ್ಯವಾಗಿ ದನ, ಕುದುರೆ, ಕುರಿಗಳನ್ನು ಬಾಧಿಸುತ್ತವೆ. ಪೆರಮಿನ್ ಮತ್ತು ಲೋಲಿನ್ ಕೀಟಗಳ ವಿರುದ್ಧ ಕೆಲಸ ಮಾಡುತ್ತವೆ. ಯಾವ ಶಿಲೀಂಧ್ರ ಇವುಗಳಲ್ಲಿ ಯಾವುದನ್ನು ಮಾಡುತ್ತದೆ ಎಂಬುದು ಅದರ ಜೀನ್‌ಗಳ ಮೇಲೆ ನಿಂತಿದೆ. ನಾಲ್ಕನ್ನೂ ಎಲ್ಲವೂ ಮಾಡುವುದಿಲ್ಲ.

ಈ ಉತ್ತರ ಹುಟ್ಟಿದ್ದು ಹೆಚ್ಚಾಗಿ ಹುಲ್ಲುಗಾವಲಿನ ಬೆಳೆಯಿಂದ. ಟಾಲ್ ಫೆಸ್ಕ್ಯೂ ಯುರೋಪು ಮೂಲದ ಹುಲ್ಲು. 1931ರಲ್ಲಿ ಅಮೆರಿಕದ ಕೆಂಟಕಿಯ ಗುಡ್ಡದ ಜಮೀನೊಂದರಲ್ಲಿ ಕಂಡ ಇದರ ಹುಲುಸಾದ ಬೆಳೆಯಿಂದ 'ಕೆಂಟಕಿ 31' ತಳಿ ಬಂತು, 1943ರಲ್ಲಿ ಬಿಡುಗಡೆಯಾಗಿ ಲಕ್ಷಾಂತರ ಎಕರೆಗೆ ಹಬ್ಬಿತು. ಅದನ್ನು ಮೇದ ದನಗಳು ಸೊರಗುತ್ತಿದ್ದವು, ಗೊರಸು ಕೊಳೆಯುತ್ತಿತ್ತು. ಹುಲ್ಲಿನೊಳಗಿನ ಶಿಲೀಂಧ್ರಕ್ಕೂ ಇದಕ್ಕೂ ನಂಟಿದೆ ಎಂದು ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು. 1988ರಲ್ಲಿ ಕೀತ್ ಕ್ಲೇ ಇದನ್ನು 'ರಕ್ಷಣಾ ಸಹಜೀವನ' ಎಂದು ಕರೆದರು: ಹುಲ್ಲು ಆಹಾರ ಮತ್ತು ನೆಲೆ ಕೊಡುತ್ತದೆ, ಶಿಲೀಂಧ್ರ ಕಾವಲು ಕಾಯುತ್ತದೆ.

ಕಾಡುಹುಲ್ಲಿಗೆ ಬಂದಾಗ ಈ ಮಾದರಿ ಅಲುಗಾಡುತ್ತದೆ. ಅರಿಜೋನಾದ ಎತ್ತರದ ಪೊಂಡೆರೋಸಾ ಪೈನ್ ಕಾಡುಗಳ ನಡುವೆ ಅರಿಜೋನಾ ಫೆಸ್ಕ್ಯೂ ಎಂಬ ದೇಶೀ ಹುಲ್ಲು ಬೆಳೆಯುತ್ತದೆ. ಬಹಳಷ್ಟು ತಾಣಗಳಲ್ಲಿ ಹೆಚ್ಚಿನ ಗಿಡಗಳಲ್ಲಿ ಎಪಿಕ್ಲೋಯಿ ಇದೆ. ಆದರೆ ಸ್ಟ್ಯಾನ್ಲಿ ಫೇತ್ ಮತ್ತು ಟಿ. ಜೆ. ಸಲಿವನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಹುಪಾಲು ಸಂದರ್ಭಗಳಲ್ಲಿ ಶಿಲೀಂಧ್ರ ಇಲ್ಲದ ಗಿಡಗಳೇ ಚೆನ್ನಾಗಿ ಬೆಳೆದವು. ಈ ಶಿಲೀಂಧ್ರ ಸಾಮಾನ್ಯವಾಗಿ ಪರಾವಲಂಬಿಯಂತೆ ವರ್ತಿಸುತ್ತದೆ ಎಂಬುದು ಅವರ ತೀರ್ಮಾನ. ಆಲ್ಕಲಾಯ್ಡ್ ತಯಾರಿಗೆ ಸಾರಜನಕ ಬೇಕು. ಗೊಬ್ಬರ ಹಾಕಿದ ಹುಲ್ಲುಗಾವಲಿನಲ್ಲಿ ಆ ಖರ್ಚು ಕಾಣದು, ಬೆಟ್ಟದ ಬಡ ಮಣ್ಣಿನಲ್ಲಿ ಅದು ದೊಡ್ಡ ಹೊರೆ.

ಹಾಗಾದರೆ ನಷ್ಟ ಮಾಡುವ ಶಿಲೀಂಧ್ರ ಅಷ್ಟೊಂದು ಗಿಡಗಳಲ್ಲಿ ಉಳಿದಿರುವುದು ಹೇಗೆ? ಇಲ್ಲಿ ಸಣ್ಣ ಲೆಕ್ಕವೊಂದನ್ನು ಕೈಯಾರೆ ಮಾಡಿ ನೋಡಬೇಕು. ಶಿಲೀಂಧ್ರ ಬೀಜದಿಂದ ಮಾತ್ರ ದಾಟುತ್ತದೆ, ಹುಲ್ಲು ವರ್ಷಕ್ಕೊಂದು ತಲೆಮಾರು ಎಂದು ಸರಳಗೊಳಿಸಿಕೊಳ್ಳೋಣ. ಶಿಲೀಂಧ್ರ ಇಲ್ಲದ ಗಿಡ 100 ಸಸಿ ಕೊಟ್ಟಾಗ ಇರುವ ಗಿಡ 125 ಕೊಡುತ್ತದೆ, ಅಂದರೆ ಲಾಭದ ಅನುಪಾತ 1.25. ಬೀಜಗಳಲ್ಲಿ ಶೇ. 90ಕ್ಕೆ ಶಿಲೀಂಧ್ರ ದಾಟುತ್ತದೆ. ಎರಡನ್ನೂ ಗುಣಿಸಿದರೆ 1.125. ಈ ಗುಣಲಬ್ಧ 1ಕ್ಕಿಂತ ಹೆಚ್ಚಿದ್ದರೆ ಮಾತ್ರ ಶಿಲೀಂಧ್ರ ಉಳಿಯುತ್ತದೆ. ಕೊನೆಗೆ ಎಷ್ಟು ಗಿಡಗಳಲ್ಲಿ ನೆಲೆ ನಿಲ್ಲುತ್ತದೆ ಎಂಬುದಕ್ಕೆ ಗುಣಲಬ್ಧದಿಂದ 1 ಕಳೆದು, ಅದನ್ನು ಲಾಭದ ಅನುಪಾತದಿಂದ 1 ಕಳೆದದ್ದರಿಂದ ಭಾಗಿಸಬೇಕು: 0.125 ÷ 0.25 = 0.5, ಅರ್ಧದಷ್ಟು ಗಿಡಗಳು. ಲಾಭವನ್ನು ಹಾಗೇ ಇಟ್ಟು ದಾಟುವ ಪ್ರಮಾಣವನ್ನು ಶೇ. 96ಕ್ಕೆ ಏರಿಸಿ: 0.2 ÷ 0.25 = 0.8. ಗಿಡಕ್ಕೆ ಸಿಕ್ಕ ಲಾಭ ಎಳ್ಳಷ್ಟೂ ಹೆಚ್ಚಲಿಲ್ಲ, ಆದರೂ ಶಿಲೀಂಧ್ರ ಶೇ. 50ರಿಂದ 80ಕ್ಕೆ ಏರಿತು. ಪ್ರತಿ ಬೀಜಕ್ಕೂ ತಪ್ಪದೆ ದಾಟುವುದಾದರೆ ಶೇ. 1ರ ಲಾಭವೂ ಸಾಕು, ಕಾಲಕ್ರಮದಲ್ಲಿ ಎಲ್ಲ ಗಿಡಗಳಲ್ಲೂ ಅದೇ ತುಂಬಿಕೊಳ್ಳುತ್ತದೆ.

ಆದ್ದರಿಂದ 'ಈ ಬೆಟ್ಟದಲ್ಲಿ ಶೇ. 90 ಹುಲ್ಲಿನಲ್ಲಿ ಎಪಿಕ್ಲೋಯಿ ಇದೆ, ಹಾಗಾಗಿ ಅದು ಹುಲ್ಲಿಗೆ ಬಹಳ ಉಪಕಾರಿ' ಎಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ಮೊದಲ ವಾಕ್ಯದಿಂದ ಎರಡನೆಯದು ಹೊರಡುವುದಿಲ್ಲ. ಆದರೆ ಲಾಭದ ಅನುಪಾತ 1ಕ್ಕಿಂತ ಕೆಳಗೇ ಉಳಿದರೆ ಲೆಕ್ಕದ ಪ್ರಕಾರ ಶಿಲೀಂಧ್ರ ಅಳಿಯಲೇಬೇಕು, ಅರಿಜೋನಾ ಫೆಸ್ಕ್ಯೂವಿನ ಒಗಟು ಅಲ್ಲಿಯೇ ಇದೆ. ಇದು ಬಹುವಾರ್ಷಿಕ ಹುಲ್ಲು. ಅಪರೂಪಕ್ಕೆ ಬರುವ ತೀವ್ರ ಬರಗಾಲದಲ್ಲೋ ಸಸಿಯ ಹಂತದಲ್ಲೋ ಸಿಗುವ ಲಾಭ ಕೆಲವೇ ವರ್ಷಗಳ ಪ್ರಯೋಗದ ಕಣ್ಣಿಗೆ ಬೀಳದಿರಬಹುದು ಎಂಬುದು ಒಂದು ವಿವರಣೆ. ಇನ್ನೊಂದು ಸುಳಿವು ಶಿಲೀಂಧ್ರದ ವಂಶದಲ್ಲಿದೆ. ಈ ಹುಲ್ಲಿನಲ್ಲಿ ಎರಡು ಬಗೆಯ ಎಪಿಕ್ಲೋಯಿ ಇವೆ, ಒಂದು ಎರಡು ಪ್ರಭೇದಗಳು ಬೆರೆತು ಹುಟ್ಟಿದ ಮಿಶ್ರತಳಿ. ಮಿಶ್ರತಳಿ ಹೆಚ್ಚಾಗಿ ಸಿಗುವುದು ಪೋಷಕಾಂಶ ಕಡಿಮೆಯಿರುವ ಕಷ್ಟದ ತಾಣಗಳಲ್ಲಿ.

ನ್ಯೂ ಮೆಕ್ಸಿಕೋದ ಸ್ಯಾಕ್ರಮೆಂಟೋ ಪರ್ವತಗಳ ಸ್ಲೀಪಿಗ್ರಾಸ್ ಎಂಬ ಹುಲ್ಲಿನ ಕಥೆ ಇದಕ್ಕಿಂತಲೂ ವಿಚಿತ್ರ. ಕ್ಲೌಡ್‌ಕ್ರಾಫ್ಟ್ ಊರಿನ ಸುತ್ತಮುತ್ತ ಇದನ್ನು ಮೇದ ಕುದುರೆಗಳು ದಿನಗಟ್ಟಲೆ ಮಂಪರಿನಲ್ಲಿರುತ್ತವೆ. ಕಾರಣ ಅದರೊಳಗಿನ ಎಪಿಕ್ಲೋಯಿ ತಯಾರಿಸುವ ಲೈಸರ್ಜಿಕ್ ಆಮ್ಲದ ಅಮೈಡ್ ಎಂಬ ಎರ್ಗಟ್ ಆಲ್ಕಲಾಯ್ಡ್. ಈ ಹುಲ್ಲಿನಲ್ಲಿ ಶಿಲೀಂಧ್ರ ಬಹುತೇಕ ಎಲ್ಲ ಕಡೆ ಇದ್ದರೂ ವಿಷದ ಮಟ್ಟ ಏರಿರುವುದು ಕ್ಲೌಡ್‌ಕ್ರಾಫ್ಟ್ ಆಸುಪಾಸಿನ ಕೆಲವು ತಾಣಗಳಲ್ಲಿ ಮಾತ್ರ. ಬೇರೆಡೆ ಅದೇ ಹುಲ್ಲು ಕುದುರೆಗೆ ಏನೂ ಮಾಡುವುದಿಲ್ಲ. ಆಂಡ್ರಿಯಾ ಜಾನಿ, ಫೇತ್ ಮತ್ತು ಡೇಲ್ ಗಾರ್ಡ್ನರ್ 2010ರಲ್ಲಿ ಈ ಹುಲ್ಲಿನ ಮೇಲಿನ ಕೀಟಗಳನ್ನು ಎಣಿಸಿದಾಗ, ಆಲ್ಕಲಾಯ್ಡ್ ಹೆಚ್ಚಿರುವ ಗಿಡಗಳ ಮೇಲೆ ಹುಲ್ಲು ತಿನ್ನುವ ಕೀಟಗಳೇ ಹೆಚ್ಚಾಗಿದ್ದವು. ವಿಷ ಆ ಕೀಟಗಳಿಗಿಂತ ಅವುಗಳನ್ನು ತಿನ್ನುವ ಪರಭಕ್ಷಕಗಳಿಗೆ, ಅವುಗಳ ಮೈಯಲ್ಲೇ ಬೆಳೆದು ಕೊಲ್ಲುವ ಪರತಂತ್ರ ಜೀವಿಗಳಿಗೇ ಹೆಚ್ಚು ತಟ್ಟುತ್ತಿರಬಹುದು ಎಂದು ಅವರು ಊಹಿಸಿದರು. ಕಾವಲುಗಾರನ ಮಾದರಿಗೆ ಇದಕ್ಕಿಂತ ದೊಡ್ಡ ಪೆಟ್ಟು ನನಗೆ ಓದಿನಲ್ಲಿ ಸಿಕ್ಕಿಲ್ಲ.

ಕುದುರೆಗಳನ್ನು ಅಮಲೇರಿಸುವ ಇದೇ ಕುಲದ ಇನ್ನೊಂದು ಹುಲ್ಲು ಚೀನಾದ ಗಾನ್ಸು, ಷಿನ್‌ಜಿಯಾಂಗ್ ಕಡೆಯ ಒಣ ಹುಲ್ಲುಗಾವಲುಗಳಲ್ಲಿದೆ. ಅಲ್ಲಿ ಕುರಿ-ಕುದುರೆಗಳು ಸುತ್ತಲಿನ ಒಳ್ಳೆಯ ಹುಲ್ಲನ್ನೆಲ್ಲ ಮೇದು ಇದನ್ನು ಬಿಡುತ್ತವೆ, ಅತಿಯಾಗಿ ಮೇಯಿಸಿದ ನೆಲದಲ್ಲಿ ಇದೇ ಹಬ್ಬುತ್ತದೆ. ಅಲ್ಲಿಗೆ ರಕ್ಷಣೆಯ ಮಾದರಿ ಚೆನ್ನಾಗಿಯೇ ಹೊಂದುತ್ತದೆ.

ಪ್ರಯೋಗ ಮಾಡಬಯಸುವವರಿಗೆ ಎರಡು ಮಾತು. ಎಲೆಯ ಒರೆಯ ಒಳಮೈಯ ತೆಳುಪೊರೆಯನ್ನು ಸುಲಿದು ಅನಿಲಿನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶಗಳ ಉದ್ದಕ್ಕೆ ಕವಲೊಡೆಯದೆ ಸಾಗುವ ನೀಲಿ ಎಳೆಗಳು ಕಾಣುತ್ತವೆ. ಬೀಜ ಸಂಗ್ರಹಿಸಿದ್ದರೆ ತಂಪಾಗಿ, ಒಣದಾಗಿ ಇಡಿ. ಬಿಸಿಲು, ತೇವದ ಕೋಣೆಯಲ್ಲಿ ಬೀಜಕ್ಕಿಂತ ಮೊದಲು ಒಳಗಿನ ಶಿಲೀಂಧ್ರ ಸಾಯುತ್ತದೆ, ಬೀಜ ಮೊಳೆತರೂ ಸಸಿಯಲ್ಲಿ ಅದು ಇರುವುದಿಲ್ಲ.

ಕುದುರೆಮುಖ, ಬಾಬಾಬುಡನ್‌ಗಿರಿಯ ಹುಲ್ಲಿನಲ್ಲೂ ಎಪಿಕ್ಲೋಯಿ ಹುಡುಕಬಹುದೇ ಎಂದು ಕೇಳುವವರಿದ್ದಾರೆ. ಎಪಿಕ್ಲೋಯಿ ಗೋಧಿ, ಬಾರ್ಲಿ ಸೇರಿದ ಉಪಕುಟುಂಬದ, ತಂಪು ಹವೆಯ ಹುಲ್ಲುಗಳಿಗೆ ಅಂಟಿಕೊಂಡ ಕುಲ. ಸಹ್ಯಾದ್ರಿಯ ಶೋಲಾ ಹುಲ್ಲುಗಾವಲಿನ ಬಹುಪಾಲು ಜೋಳದ ಬಳಗದ ಸಿ4 ಹುಲ್ಲುಗಳದ್ದು, ಅಂದರೆ ಬಿಸಿ ಹವೆಗೆ ಹೊಂದುವ ದ್ಯುತಿಸಂಶ್ಲೇಷಣೆಯ ಹುಲ್ಲುಗಳದ್ದು. ಅಂಥ ಹುಲ್ಲುಗಳಲ್ಲಿ ಹುಡುಕುವುದಾದರೆ ಎಪಿಕ್ಲೋಯಿಯ ಕುಟುಂಬದ್ದೇ ಆದ ಬಲಾನ್ಸಿಯಾ ಎಂಬ ಶಿಲೀಂಧ್ರವನ್ನು ಹುಡುಕುವುದು ಹೆಚ್ಚು ಸರಿ, ಅದು ಬೆಚ್ಚನೆ ನಾಡಿನ ಹುಲ್ಲು, ಜೊಂಡುಗಳಲ್ಲಿ ನೆಲೆಸುವ ಕುಲ.