ಹಲಗೆ ಒಡೆದರೆ ಕೈ ಉಳಿಯುತ್ತದೆ

ದಕ್ಷಿಣ ಕೊರಿಯಾದ ಸೋಲ್ ನಗರದ ಕುಕ್ಕಿವನ್, ಆ ದೇಶದ ಸಮರಕಲೆ ಟೇಕ್ವಾಂಡೋದ ಜಾಗತಿಕ ಕೇಂದ್ರ. 1972ರಲ್ಲಿ ಕಟ್ಟಡ ಎದ್ದಿತು, 1974ರಲ್ಲಿ ಅದರ ಪ್ರದರ್ಶನ ತಂಡ ಹುಟ್ಟಿತು. ಈ ತಂಡದವರು ರಂಗಕ್ಕಿಳಿದರೆ ಒಬ್ಬ ಇನ್ನೊಬ್ಬನ ಹೆಗಲೇರಿ ಹಲಗೆ ಎತ್ತಿ ಹಿಡಿಯುತ್ತಾನೆ. ಮೂರನೆಯವನು ಓಡಿಬಂದು, ಜೊತೆಗಾರನೊಬ್ಬನ ಎದೆ ಮೆಟ್ಟಿ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲೇ ತಿರುಗಿ ಒದೆಯುತ್ತಾನೆ. ಹಲಗೆ ಎರಡು ಹೋಳು. ನೋಡಿದವರಲ್ಲಿ ಅರ್ಧ ಜನ ಇದನ್ನು ‘ಕಿ’ ಎಂಬ ಒಳಶಕ್ತಿಯ ಮಹಿಮೆ ಎನ್ನುತ್ತಾರೆ, ನಮ್ಮ ಕಡೆಯವರಾದರೆ ಪ್ರಾಣಶಕ್ತಿ, ಕುಂಡಲಿನಿ ಎನ್ನುತ್ತಾರೆ. ಉಳಿದರ್ಧ ಜನ ‘ಹಲಗೆಯೇ ನಕಲಿ’ ಎಂದು ಕೈ ಕೊಡವುತ್ತಾರೆ. ಎರಡೂ ತಪ್ಪು.

ಹಾರಿ ಒದೆಯುವಾಗ ಬಳಸುವ ಹಲಗೆ ತೆಳು, ನಿಜ. ಸಾಮಾನ್ಯವಾಗಿ ಪೌಲೋನಿಯ ಮರದ್ದು, ದಪ್ಪ ಒಂದು ಸೆಂಟಿಮೀಟರ್ ಇಲ್ಲವೇ ಅದಕ್ಕಿಂತ ಕಡಿಮೆ. ಕೊರಿಯಾದ ತಂತಿವಾದ್ಯ ಗಯಾಗುಮ್‌ನ ಒಡಲನ್ನು ಮಾಡುವುದೂ ಇದೇ ಹಗುರ ಮರದಿಂದ. ಆದರೆ ಅಲ್ಲಿ ಪರೀಕ್ಷೆ ಬಲದ್ದಲ್ಲ, ಗುರಿಯದು. ಮೈ ತಿರುಗುತ್ತಿರುವಾಗ ಹಿಮ್ಮಡಿ ಹಲಗೆಯ ನಡುಗೆರೆಗೆ ಬೀಳಬೇಕು. ನಾಲ್ಕು ಬೆರಳು ಆಚೆ ಬಿದ್ದರೆ ಹಿಡಿದವನ ಕೈಗೇ ಪೆಟ್ಟು. ಕೊರಿಯನ್ನರು ಒಡೆಯುವ ವಿದ್ಯೆಗೆ ಗ್ಯೋಕ್ಪಾ ಎನ್ನುತ್ತಾರೆ. ಅದರಲ್ಲಿ ಕೌಶಲದ್ದು ಬೇರೆ, ಬಲದ್ದು ಬೇರೆ. ಭೌತವಿಜ್ಞಾನ ರುಚಿಗಟ್ಟುವುದು ಬಲದ ಗ್ಯೋಕ್ಪಾದಲ್ಲಿ.

ಪೈನ್ ಮರದ ಒಂದು ಹಲಗೆ ತೆಗೆದುಕೊಳ್ಳಿ: ಅಗಲ 28 ಸೆಂ.ಮೀ., ಉದ್ದ 25 ಸೆಂ.ಮೀ., ದಪ್ಪ 19 ಮಿ.ಮೀ. ಮರದ ಎಳೆ 25 ಸೆಂ.ಮೀ. ದಿಕ್ಕಿನಲ್ಲಿ ಓಡಬೇಕು. ಹಿಡಿಯುವವರು ಎಳೆಗೆ ಸಮಾನಾಂತರವಾದ ಎರಡು ಅಂಚುಗಳನ್ನು ಹಿಡಿಯಬೇಕು, ಪೆಟ್ಟು ನಟ್ಟನಡುವೆ ಬೀಳಬೇಕು. ಸೌದೆ ಸೀಳಿದವರಿಗೆ ಇದರ ಗುಟ್ಟು ಹೇಳಬೇಕಿಲ್ಲ: ಮರ ಎಳೆಯ ಗುಂಟ ಸೀಳುತ್ತದೆ, ಅಡ್ಡ ಕಡಿಯಲು ಹೋದರೆ ಕೊಡಲಿಯನ್ನೇ ವಾಪಸ್ ಕಳಿಸುತ್ತದೆ. ಹೀಗೆ ಹಿಡಿದ ಹಲಗೆಯ ನಡುವೆ ನಿಧಾನವಾಗಿ ಭಾರ ಹೇರುತ್ತ ಹೋದರೆ 50ರಿಂದ 70 ಕಿಲೋ ಆಸುಪಾಸಿನಲ್ಲಿ ಅದು ಸೀಳುತ್ತದೆ. ಅದೇ ಹಲಗೆಯನ್ನು ಕಾಲು ಸುತ್ತು ತಿರುಗಿಸಿ ಹಿಡಿದರೆ ಇಪ್ಪತ್ತು ಪಟ್ಟು ಬಲ ಸಾಲದು. ಹೊಸಬರ ಕೈ ಊದಿಕೊಳ್ಳಲು ಮುಖ್ಯ ಕಾರಣ ಇದೇ: ಹಿಡಿದವನು ಎಳೆ ನೋಡಿರುವುದಿಲ್ಲ. ಇನ್ನೊಂದು ಕಾರಣ ಗಂಟು. ಸೀಳು ಓಡುವ ದಾರಿಯಲ್ಲಿ ಗಂಟಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಹಸಿ ಹಲಗೆಯೂ ಬಾಗುತ್ತದೆ ಹೊರತು ಸೀಳುವುದಿಲ್ಲ. ಅದಕ್ಕೇ ಕೆಲವರು ಹಲಗೆಯನ್ನು ಒಲೆಯಲ್ಲಿ ಒಣಗಿಸಿ ತರುತ್ತಾರೆ, ಅದು ಮೋಸ.

ದಪ್ಪ ಎರಡರಷ್ಟಾದರೆ ಬೇಕಾಗುವ ಬಲ ನಾಲ್ಕರಷ್ಟಾಗುತ್ತದೆ. ಎರಡು ಹಲಗೆಗಳನ್ನು ಅಂಟಿಸದೆ ಒಂದರ ಮೇಲೊಂದು ಇಟ್ಟರೆ ಎರಡರಷ್ಟು ಸಾಕು. ನಡುವೆ ಪೆನ್ಸಿಲ್ ದಪ್ಪದ ಕಡ್ಡಿ ಇಟ್ಟರಂತೂ ಕೆಲಸ ಇನ್ನೂ ಹಗುರ: ಹಲಗೆಗಳು ಒಂದಾದ ಮೇಲೊಂದು ಸೀಳುತ್ತವೆ, ಮೇಲಿನದರ ಹೋಳುಗಳೂ ಕೈಯ ಜೊತೆ ಕೆಳಗಿನದನ್ನು ಗುದ್ದುತ್ತವೆ. ಹತ್ತು ಹಲಗೆಯ ರಾಶಿ ಕಂಡಾಗ ಎಣಿಕೆಗೆ ಮೊದಲು ಸಂದು ನೋಡಬೇಕು.

ಇನ್ನು ಕೈ ಏಕೆ ಮುರಿಯುವುದಿಲ್ಲ? ಕೈ ತಾಗಿದ ಕ್ಷಣದಿಂದ ಹಲಗೆ ಬಾಗುತ್ತ ಹೋಗುತ್ತದೆ, ಬಾಗಿದಷ್ಟೂ ಅದರ ಪ್ರತಿರೋಧ ಏರುತ್ತದೆ. ಸುಮಾರು ಒಂದು ಸೆಂಟಿಮೀಟರ್ ಬಾಗುವಷ್ಟರಲ್ಲಿ ಹಿಂಬದಿಯ ಎಳೆಗಳು ಬಿಟ್ಟುಕೊಂಡು ಪ್ರತಿರೋಧ ಏಕಾಏಕಿ ಇಲ್ಲವಾಗುತ್ತದೆ. ಹಲಗೆ ತಡೆಯಬಲ್ಲಷ್ಟು ಬಲ, ಅದರ ಜಡತೆಯ ಪಾಲು ಸ್ವಲ್ಪ, ಇಷ್ಟೇ ಮೂಳೆಗೆ ತಟ್ಟುವುದು, ಅದೂ ಕೆಲವೇ ಮಿಲಿಸೆಕೆಂಡು. ಹಲಗೆ ಸೀಳದಿದ್ದರೆ ಕತೆ ಬೇರೆ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬಂದ ಕೈ ಅಲ್ಲೇ ನಿಲ್ಲಬೇಕು. ಹೊತ್ತು ತಂದ ಶಕ್ತಿಯ ದೊಡ್ಡ ಪಾಲು ಮೂಳೆ, ಕೀಲುಗಳಿಗೇ ಮರಳುತ್ತದೆ. ಗ್ಯೋಕ್ಪಾದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಒಡೆಯದ ಹಲಗೆಯಿಂದ. ಹೆದರಿ ಕೊನೆಯ ಗಳಿಗೆಯಲ್ಲಿ ಕೈ ಹಿಂದೆಳೆದವನಿಗೇ ನೋವು ಹೆಚ್ಚು. ಕಿರುಬೆರಳ ಗೆಣ್ಣಿನಿಂದ ಗುದ್ದಿದರೆ ಅದರ ಹಿಂದಿನ ತೆಳು ಅಂಗೈ ಮೂಳೆ ಮುರಿಯುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣುಗಳೇ ತಾಗಬೇಕು.

ಇದನ್ನೆಲ್ಲ ಅಳೆದವರಲ್ಲಿ ಒಬ್ಬರು ರೊನಾಲ್ಡ್ ಮೆಕ್‌ನೇರ್. ಅಮೆರಿಕದ ತಾಂತ್ರಿಕ ವಿದ್ಯಾಲಯ ಎಂಐಟಿಯಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದವರು, ಕರಾಟೆ ಬ್ಲ್ಯಾಕ್ ಬೆಲ್ಟ್, ಮುಂದೆ ಗಗನಯಾತ್ರಿ. 1986ರಲ್ಲಿ ಚಾಲೆಂಜರ್ ಗಗನನೌಕೆಯ ದುರಂತದಲ್ಲಿ ತೀರಿಕೊಂಡರು. ಮೈಕೆಲ್ ಫೆಲ್ಡ್, ಸ್ಟೀಫನ್ ವಿಲ್ಕ್ ಜೊತೆ ಸೇರಿ ಅವರು 1979ರಲ್ಲಿ ಪ್ರಕಟಿಸಿದ ಲೆಕ್ಕಗಳು ಇಂದಿಗೂ ಆಧಾರ. ಪಳಗಿದವರ ಕೈವೇಗ ಸೆಕೆಂಡಿಗೆ 10ರಿಂದ 14 ಮೀಟರ್, ಬಲ 3,000 ನ್ಯೂಟನ್‌ಗೂ, ಅಂದರೆ ಸುಮಾರು 300 ಕಿಲೋ ಭಾರಕ್ಕೂ ಮೇಲೆ. ಮುಷ್ಟಿಯ ವೇಗ ತುಟ್ಟತುದಿಗೇರುವುದು ತೋಳು ಪೂರ್ತಿ ಚಾಚಿದಾಗಲ್ಲ, ಸುಮಾರು ಮುಕ್ಕಾಲು ಭಾಗ ಚಾಚಿದಾಗ. ಹಲಗೆ ಆ ದೂರದಲ್ಲಿರಬೇಕು, ಗುರಿ ಅದರ ಹಿಂದಿರಬೇಕು. ಕಾಂಕ್ರೀಟ್ ಒಡೆಯಲು ಹೋದರೆ ಮೂಳೆಯೇ ಮುರಿದೀತು ಎಂಬ ಭಯಕ್ಕೂ ಉತ್ತರ ಅಂಕಿಯಲ್ಲೇ ಇದೆ: ಮೂಳೆ ಬಾಗಿ ಮುರಿಯಲು ಸುಮಾರು 150 ಮೆಗಾಪಾಸ್ಕಲ್ ಒತ್ತಡ ಬೇಕು, ಕಂಬಿಯಿಲ್ಲದ ಕಾಂಕ್ರೀಟಿಗೆ 3ರಿಂದ 5 ಸಾಕು.

ಹಿಡಿಯುವವರ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಗುವುದಿಲ್ಲ. ಮೊಣಕೈ ಬಿಗಿ, ಒಂದು ಕಾಲು ಹಿಂದೆ, ಮುಖ ಪಕ್ಕಕ್ಕೆ, ಬೆರಳ ತುದಿ ಪೆಟ್ಟು ಬೀಳುವ ಜಾಗದಿಂದ ದೂರ. ಅವರ ಕೈ ಎರಡು ಸೆಂಟಿಮೀಟರ್ ಹಿಂದೆ ಸರಿದರೂ ಹಲಗೆ ಬಾಗದೆ ಇಡಿಯಾಗಿ ಜಾರುತ್ತದೆ. ಹಿಡಿಯುವವರೇ ಇಲ್ಲದೆ ಗಾಳಿಗೆ ತೂರಿದ ಹಲಗೆಯನ್ನು ಒಡೆಯುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಆಸರೆ ಹಲಗೆಯ ಸ್ವಂತ ಜಡತೆಯೊಂದೇ. ಅಂಚುಗಳು ಚಲಿಸುವ ಮೊದಲೇ ನಡು ಬಾಗಿ ಸೀಳಬೇಕು. ಬಲವೆಷ್ಟಿದ್ದರೂ ವೇಗವಿಲ್ಲದಿದ್ದರೆ ಹಲಗೆ ಹಾರಿಹೋಗುತ್ತದೆ, ಅಷ್ಟೇ.

ಕತ್ತಿಯ ವರಸೆಯಲ್ಲೂ ಇದೇ ಜಡತೆಯ ಆಟ. ಕೊರಿಯಾದ ದೊರೆ ಜಾಂಗ್‌ಜೊನ ಆಜ್ಞೆಯಂತೆ ವಿದ್ವಾಂಸರಾದ ಯಿ ದೊಕ್‌ಮು, ಪಾಕ್ ಜೆಗಾ ಮತ್ತು ಯೋಧ ಬೇಕ್ ದೊಂಗ್‌ಸು 1790ರಲ್ಲಿ ಮುಯೆ ದೋಬೊ ತೊಂಗ್‌ಜಿ ಎಂಬ ಸಚಿತ್ರ ಕೈಪಿಡಿ ಸಿದ್ಧಪಡಿಸಿದರು: ನೆಲದ ಮೇಲಿನವು 18, ಕುದುರೆಯ ಮೇಲಿನವು 6, ಒಟ್ಟು 24 ವಿದ್ಯೆ. ಸುವಾನ್ ನಗರದ ಹ್ವಾಸಾಂಗ್ ಅರಮನೆಯ ಹೆಬ್ಬಾಗಿಲ ಮುಂದೆ ಇವುಗಳ ಪ್ರದರ್ಶನ ನಡೆಯುತ್ತದೆ. ಕತ್ತಿಯಿಂದ ಕಡಿಯುವ ಹುಲ್ಲಿನ ಕಟ್ಟನ್ನು ನೀರಲ್ಲಿ ನೆನೆಸಿರುತ್ತಾರೆ. ಒಣ ಹುಲ್ಲು ಹಗುರ, ಅಲಗಿನ ಮುಂದೆ ಚದುರುತ್ತದೆ. ನೆಂದದ್ದು ತೂಕ ಹಿಡಿದು ನಿಲ್ಲುತ್ತದೆ. ಅಲಗಿನ ಬಾಯಿ ಮತ್ತು ಕತ್ತಿ ಸಾಗುವ ದಾರಿ ಒಂದೇ ಗೆರೆಯಲ್ಲಿರಬೇಕು. ಕೆಲವು ಡಿಗ್ರಿ ತಪ್ಪಿದರೂ ಅಲಗು ಒಳಗೇ ಹೊರಳುತ್ತದೆ, ಕಡಿದ ಮೈ ಸಪಾಟಾಗದೆ ಬಳುಕುತ್ತದೆ, ಕೊನೆಗೆ ಕಟ್ಟು ಉರುಳುತ್ತದೆ.

ನಮ್ಮಲ್ಲಿ ಶಾಲಾ ವಾರ್ಷಿಕೋತ್ಸವಗಳ ಮಾರ್ಷಲ್ ಆರ್ಟ್ಸ್ ಪ್ರದರ್ಶನದಲ್ಲಿ ಹಲಗೆಯ ಜಾಗಕ್ಕೆ ಮಂಗಳೂರು ಹೆಂಚು ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಈ ಹೆಂಚಿಗೆ ಎಳೆಯಿಲ್ಲ, ಬಾಗುವುದಿಲ್ಲ, ಥಟ್ಟನೆ ಸಿಡಿಯುತ್ತದೆ. ಏಣುಗಳಿರುವುದರಿಂದ ಜೋಡಿಸಿದಾಗ ಸಂದು ತಾನಾಗಿಯೇ ಉಳಿಯುತ್ತದೆ. ಕೈಯಿಂದ ಒಡೆಯಲಿ, ಚೂಪು ಚೂರುಗಳಿಂದ ಚರ್ಮ ಕಾಯಲು ಮೇಲೊಂದು ಮಡಿಸಿದ ಬಟ್ಟೆ ಇರಲಿ. ಆದರೆ ಮಕ್ಕಳ ತಲೆಯಿಂದ ಹೆಂಚು ಒಡೆಸುವುದನ್ನು ಕೂಡಲೇ ನಿಲ್ಲಿಸಬೇಕು. ಮೂಳೆಯನ್ನು ಕಾಯುವ ಮೇಲಿನ ಲೆಕ್ಕ ಮಿದುಳಿಗೆ ಅನ್ವಯಿಸುವುದಿಲ್ಲ: ಬುರುಡೆ ಬಿರುಕು ಬಿಡದಿದ್ದರೂ ಒಳಗಿನ ಮಿದುಳು ಪ್ರತಿ ಹೊಡೆತಕ್ಕೂ ಕುಲುಕುತ್ತದೆ, ಆ ಪೆಟ್ಟು ಹೊರಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳಿಗೆ ಎಷ್ಟು ಗಡಸು ಎಂಬುದನ್ನು ಬಣ್ಣದಿಂದಲೇ ಗುರುತಿಸಬಹುದಾದ, ಮತ್ತೆ ಮತ್ತೆ ಜೋಡಿಸಬಹುದಾದ ಪ್ಲಾಸ್ಟಿಕ್ ಹಲಗೆಗಳು ಸಿಗುತ್ತವೆ. ಅದರಲ್ಲಿ ಅತಿ ಮೆತ್ತನೆಯದರಿಂದ ಶುರುಮಾಡಿಸಿ, ಮೊದಲು ಕಾಲಿನಿಂದ ಒಡೆಸಿ. ಕೈಯ ಬೆಳೆಯುವ ಮೂಳೆಗಳಿಗೆ ಇನ್ನೂ ಸಮಯ ಬೇಕು.