ಕಟ್ಟೆಚ್ಚರ ಇತ್ತು, ಕೈಯಲ್ಲಿ ಬಂದೂಕು ಇರಲಿಲ್ಲ

‘ಸೇನಾ ನೆಲೆಗಳಲ್ಲಿ ಕಟ್ಟೆಚ್ಚರ’ ಎಂಬ ಸಾಲು ಟಿ.ವಿ. ಪರದೆಯ ಕೆಳಗೆ ಓಡುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಆದರೆ ದೆಹಲಿಯಲ್ಲಿ ಹೊರಟ ಎಚ್ಚರಿಕೆ ಗೋಡೆಯ ಪಕ್ಕ ನಿಂತ ಕಾವಲಿನವನನ್ನು ಯಾವ ರೂಪದಲ್ಲಿ ಮುಟ್ಟುತ್ತದೆ? ಗೋಜಲಿರುವುದು ಅಲ್ಲೇ.

1965ರ ಯುದ್ಧದಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಅಪಾಯ ಬಂದಿದ್ದು ಪಾಕಿಸ್ತಾನದ ವಿಮಾನಗಳಿಂದ. 2002ರಲ್ಲಿ ಜಮ್ಮು ಬಳಿಯ ಕಾಲೂಚಕ್ ಸೇನಾ ನೆಲೆಗೆ ಬಂದಿದ್ದು ಬಸ್ಸಿನಲ್ಲಿ, ಸೈನಿಕರ ಸಮವಸ್ತ್ರ ತೊಟ್ಟ ಉಗ್ರರಿಂದ. ಈಗಿನ ಕಟ್ಟೆಚ್ಚರದ ಕತೆ ಮಾತ್ರ ಶುರುವಾಗುವುದು 2016ರ ಜನವರಿ 1ರಂದು, ಮತ್ತೆ ಅದೇ ಪಠಾಣ್‌ಕೋಟ್‌ನಲ್ಲಿ.

ಹಿಂದಿನ ರಾತ್ರಿ ಗುರುದಾಸಪುರದ ಪೊಲೀಸ್ ಅಧಿಕಾರಿಯೊಬ್ಬರ ಕಾರನ್ನು ಉಗ್ರರು ಕಸಿದುಕೊಂಡಿದ್ದರು. ಸುದ್ದಿಯನ್ನು ಮೊದಮೊದಲು ಯಾರೂ ಅಷ್ಟಾಗಿ ನಂಬಲಿಲ್ಲ. ಆದರೂ ಅಂದೇ ವಾಯುನೆಲೆಗೆ ಎಚ್ಚರಿಕೆ ಹೋಯಿತು, ದೆಹಲಿಯಿಂದ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಕಮಾಂಡೊಗಳೂ ಬಂದಿಳಿದರು. ಅಂದರೆ ದಾಳಿ ನಡೆಯಬಹುದೆಂದು ಮೊದಲೇ ಗೊತ್ತಿತ್ತು. ಹಾಗಿದ್ದೂ 2ರ ನಸುಕಿನಲ್ಲಿ ಉಗ್ರರು ಒಳಗೇ ಇದ್ದರು. ಗೋಡೆಯ ಎತ್ತರ ಹನ್ನೊಂದು ಅಡಿ, ಮೇಲೆ ಮುಳ್ಳುತಂತಿ. ಪಕ್ಕದಲ್ಲಿ ನೀಲಗಿರಿ ಮರ. ಮರ ಮತ್ತು ಹಗ್ಗದ ನೆರವಿನಿಂದ ಗೋಡೆ ದಾಟಿದರೆಂಬುದು ತನಿಖೆಯಿಂದ ಹೊರಬಿತ್ತು.

ಅವರಿಗೆ ಮೊದಲು ಎದುರಾದವರು ಡಿಎಸ್‌ಸಿ, ಅಂದರೆ ರಕ್ಷಣಾ ಭದ್ರತಾ ದಳದ ಸಿಬ್ಬಂದಿ. ಸೇನೆಯಿಂದ ನಿವೃತ್ತರಾದ ಮೇಲೆ ಮತ್ತೆ ಕಾವಲು ಕೆಲಸಕ್ಕೆ ಸೇರಿದವರು ಇವರು. ಮೆಸ್ಸಿನ ಅಡುಗೆಮನೆಯಲ್ಲಿ ಬೆಳಗಿನ ತಿಂಡಿಯ ತಯಾರಿ ನಡೆದಿತ್ತು, ಅಲ್ಲಿದ್ದವರ ಕೈಯಲ್ಲಿ ಬಂದೂಕು ಇರಲಿಲ್ಲ. ಜಗದೀಶ್ ಚಂದ್ ಬರಿಗೈಯಲ್ಲೇ ಒಬ್ಬನನ್ನು ಬೆನ್ನಟ್ಟಿ, ಅವನ ಬಂದೂಕನ್ನೇ ಕಿತ್ತುಕೊಂಡು ಕೊಂದರು, ತಾವೂ ಉಳಿಯಲಿಲ್ಲ. ಅವರಿಗೆ ಮರಣೋತ್ತರ ಕೀರ್ತಿಚಕ್ರ ಬಂತು. ಕಾವಲಿನವರ ಬಳಿ ಆಯುಧ ಏಕಿರಲಿಲ್ಲ ಎಂಬ ಪ್ರಶ್ನೆಗೆ ಪದಕ ಉತ್ತರವಾಗದು. ಮಡಿದ ಏಳು ಮಂದಿಯಲ್ಲಿ ಐವರು ಡಿಎಸ್‌ಸಿಯವರೇ. ಇನ್ನಿಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್. ಉಗ್ರನ ಶವದಲ್ಲಿದ್ದ ಗ್ರೆನೇಡ್ ಸಿಡಿದು ಅವರು ಹೋದರು.

ಆಮೇಲೆ ನಡೆದದ್ದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ಅದಾದರೂ ಬೇಗ ಆಯಿತೇ? ಸೇನಾ ನೆಲೆಗಳ ಭದ್ರತೆ ಪರಿಶೀಲಿಸಲು ನೇಮಿಸಿದ ಲೆಫ್ಟಿನೆಂಟ್ ಜನರಲ್ ಫಿಲಿಪ್ ಕಾಂಪೋಸ್ ಸಮಿತಿ 2016ರ ಮೇ ತಿಂಗಳಲ್ಲೇ ವರದಿ ಕೊಟ್ಟಿತು. ಆಮೇಲೂ ಜಮ್ಮು-ಕಾಶ್ಮೀರದ ಸೇನಾ ನೆಲೆಗಳ ಮೇಲೆ ದಾಳಿ ನಿಲ್ಲಲಿಲ್ಲ: ಸೆಪ್ಟೆಂಬರ್‌ನಲ್ಲಿ ಉರಿ, ನವೆಂಬರ್‌ನಲ್ಲಿ ನಗ್ರೋಟಾ, 2018ರ ಫೆಬ್ರುವರಿಯಲ್ಲಿ ಸುಂಜುವಾನ್. ನೆಲೆಗಳ ಬೇಲಿ, ಗೋಡೆ ಭದ್ರಪಡಿಸಲು 1,487 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿದ್ದು ಸುಂಜುವಾನ್ ಆದ ಮೇಲೆ. ಕಡತ ಇಷ್ಟು ದಿನ ಯಾವ ಮೇಜಿನ ಮೇಲಿತ್ತೋ!

ಗೋಡೆಗೆ ಹಣ ಬಂದ ಮೂರೇ ವರ್ಷಕ್ಕೆ ಗೋಡೆಯ ಮೇಲಿನಿಂದಲೇ ಬಾಂಬ್ ಬಿತ್ತು. 2021ರ ಜೂನ್ 27ರ ನಡುರಾತ್ರಿ ಕಳೆದು, ಜಮ್ಮು ವಾಯುನೆಲೆಯ ಮೇಲೆ ಡ್ರೋನ್‌ನಿಂದ ಬಿದ್ದ ಎರಡು ಬಾಂಬ್‌ಗಳು ಕೆಲವೇ ನಿಮಿಷಗಳ ಅಂತರದಲ್ಲಿ ಸಿಡಿದವು. ಹಾನಿ ಚಿಕ್ಕದು: ಒಂದು ಕಟ್ಟಡದ ಚಾವಣಿ, ಇಬ್ಬರಿಗೆ ಸಣ್ಣ ಗಾಯ. ಆದರೆ ಗಸ್ತಿನವರು ಅಲ್ಲಿಯತನಕ ನೋಡುತ್ತಿದ್ದದ್ದು ಬೇಲಿಯನ್ನು. ಅದಾದ ಎರಡೇ ತಿಂಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಗಾಗಿ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್ ಜೊತೆ ನೌಕಾಪಡೆ ಒಪ್ಪಂದ ಮಾಡಿಕೊಂಡಿತು. 2025ರ ಮೇ 8ರ ರಾತ್ರಿ 36 ಕಡೆಗಳಿಗೆ ಪಾಕಿಸ್ತಾನ ಮುನ್ನೂರು-ನಾನೂರು ಡ್ರೋನ್ ಕಳಿಸಿತೆಂದು ಸರ್ಕಾರವೇ ಹೇಳಿತು.

ಇನ್ನೊಂದು ಮಾತು. ಕಟ್ಟೆಚ್ಚರ ಘೋಷಿಸಿದ್ದು ಸುದ್ದಿಯಾಗುತ್ತದೆ, ಹಿಂಪಡೆದದ್ದು ಆಗುವುದಿಲ್ಲ. ಹೀಗಾಗಿ ತಾತ್ಕಾಲಿಕವೆಂದು ಇಟ್ಟ ಬ್ಯಾರಿಕೇಡ್ ವರ್ಷಗಟ್ಟಲೆ ಅಲ್ಲೇ ಉಳಿದು, ಸುತ್ತಲಿನ ಜನ ಬಳಸುದಾರಿ ಹಿಡಿಯಬೇಕಾಗುತ್ತದೆ. 2018ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯವು ಬೆಳಗಾವಿಯೂ ಸೇರಿದಂತೆ 62 ದಂಡುಪ್ರದೇಶಗಳಲ್ಲಿ ಮುಚ್ಚಿದ್ದ ರಸ್ತೆಗಳನ್ನು ತೆರೆಯಲು ಹೇಳಿತು. ಸಿಕಂದರಾಬಾದ್‌ನಂಥ ಊರುಗಳ ಜನ ನಿಟ್ಟುಸಿರು ಬಿಟ್ಟರು. ಒಳಗಿನ ಸೈನಿಕ ಕುಟುಂಬಗಳು, ಉಗ್ರರು ಸೈನಿಕರ ಮನೆಗಳಿಗೇ ನುಗ್ಗಿದ್ದ ಸುಂಜುವಾನ್ ನೆನಪಿಸಿ, ನಮ್ಮ ಮಕ್ಕಳ ಗತಿ ಏನೆಂದು ಕೇಳಿದವು. ಕೆಲವು ರಸ್ತೆಗಳು ಮತ್ತೆ ಪರಿಶೀಲನೆಗೆ ಹೋದವು.