ದೀಕ್ಷಾಸ್ನಾನದ ರಿಜಿಸ್ಟರ್ ಎಣಿಸುವ ಮೊದಲು

ಉಗಾಂಡ ದೇಶದ ದಕ್ಷಿಣ ಭಾಗದಲ್ಲಿರುವ ಬುಗಾಂಡದ ಹಳ್ಳಿಗಳಲ್ಲಿ ಕಥೋಲಿಕ ಧರ್ಮ ಹೇಗೆ ಹಬ್ಬಿತು ಎಂದು ತಿಳಿಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ದೀಕ್ಷಾಸ್ನಾನದ ರಿಜಿಸ್ಟರನ್ನು. ವರ್ಷವಾರು ಎಣಿಸಿ, ಇಂಥ ವರ್ಷ ಇಷ್ಟು ಜನ ಮತಾಂತರವಾದರು ಎಂದು ಬರೆದುಬಿಡುತ್ತಾರೆ. ಎಡವುವುದು ಅಲ್ಲೇ.

ಕಥೋಲಿಕರಲ್ಲಿ ಇಲ್ಲಿಗೆ ಮೊದಲು ಬಂದವರು ವೈಟ್ ಫಾದರ್ಸ್ ಎಂಬ ಮಿಷನರಿ ಸಂಘದ ಪಾದ್ರಿಗಳು. ಆಲ್ಜಿಯರ್ಸ್‌ನ ಆರ್ಚ್‌ಬಿಷಪ್ ಲವಿಜರಿ 1868ರಲ್ಲಿ ಕಟ್ಟಿದ ಈ ಸಂಘದವರು ಬುಗಾಂಡ ಮುಟ್ಟಿದ್ದು 1879ರ ಫೆಬ್ರವರಿಯಲ್ಲಿ. ಲವಿಜರಿಯವರ ಕಟ್ಟಳೆಯಂತೆ ವಯಸ್ಕರು ನಾಲ್ಕು ವರ್ಷ ಕಾಯಬೇಕು: ಎರಡು ವರ್ಷ ಬರೀ ಆಕಾಂಕ್ಷಿ, ಇನ್ನೆರಡು ವರ್ಷ ದೀಕ್ಷಾರ್ಥಿ. ಕಟ್ಟಳೆ ಪಾಲಿಸಿದ್ದರೆ, 1905ರ ಪುಟದಲ್ಲಿರುವ ವಯಸ್ಕರು ಮನಸ್ಸು ಮಾಡಿದ್ದು 1901ರ ಸುಮಾರಿಗೆ. ಆರಂಭದ ವರ್ಷಗಳಿಗೆ ಈ ಲೆಕ್ಕ ಹಾಕಬೇಡಿ. ಮೊದಲ ದೀಕ್ಷಾಸ್ನಾನ 1880ರಲ್ಲೇ ಆಗಿಹೋಗಿತ್ತು.

ಸಾವಿನ ಅಂಚಿನಲ್ಲಿರುವವರಿಗೆ ನಾಲ್ಕು ವರ್ಷದ ಕಾಯುವಿಕೆ ಇಲ್ಲ. 1900ರ ನಂತರ ವಿಕ್ಟೋರಿಯಾ ಸರೋವರದ ದಡದಲ್ಲಿ ನಿದ್ರಾರೋಗ ಹಬ್ಬಿತಲ್ಲ, ಅಂಥ ಕಾಲದಲ್ಲಿ ಸಂಖ್ಯೆ ದಿಢೀರನೆ ಏರಿದ್ದು ಕಂಡರೆ ಅದನ್ನು ಧರ್ಮದ ಉತ್ಸಾಹ ಎಂದುಕೊಳ್ಳುವ ಮೊದಲು ಸಾಲು ಸಾಲಾಗಿ ನೋಡಿ. ಹೆಸರಿನ ಪಕ್ಕ 'ಇನ್ ಆರ್ಟಿಕುಲೊ ಮೊರ್ಟಿಸ್' (ಸಾಯುವ ಗಳಿಗೆಯಲ್ಲಿ) ಅಥವಾ 'ಪೆರಿಕುಲೊ ಮೊರ್ಟಿಸ್' (ಸಾವಿನ ಅಪಾಯದಲ್ಲಿ) ಎಂಬ ಲ್ಯಾಟಿನ್ ಟಿಪ್ಪಣಿ ಇದೆಯೇ? ಜ್ಞಾನತಂದೆಯ, ಅಂದರೆ ದೀಕ್ಷಾಸ್ನಾನದಲ್ಲಿ ಜೊತೆ ನಿಲ್ಲುವವನ, ಅಂಕಣ ಖಾಲಿಯೇ? ಸ್ನಾನ ಕೊಟ್ಟವರು ಪಾದ್ರಿಯೋ, ಊರಿನ ಉಪದೇಶಿಯೋ? ಆಮೇಲೆ ಮರಣದ ರಿಜಿಸ್ಟರ್‌ನಲ್ಲಿ ಅದೇ ಹೆಸರನ್ನು ಹುಡುಕಿ. ರೋಗಿ ಬದುಕಿಬಿಟ್ಟರೆ ಬೇರೊಂದು ತೊಡಕು: ಉಳಿದ ವಿಧಿಗಳನ್ನು ಮುಂದೊಂದು ದಿನ ಇಗರ್ಜಿಯಲ್ಲಿ ಪೂರೈಸುತ್ತಾರೆ. ಅದನ್ನೂ ಬೇರೆ ಸಾಲಾಗಿ ಬರೆದಿದ್ದರೆ ಒಬ್ಬನೇ ಮನುಷ್ಯ ಎರಡು ಸಲ ಎಣಿಕೆಗೆ ಬರುತ್ತಾನೆ.

ಹೆಸರುಗಳಲ್ಲಿ ಯೋಸೆಫು, ಮಾರಿಯಾಗಳೇ ತುಂಬಿರುವುದರಿಂದ ಅವನ್ನು ನಂಬಿ ಹುಡುಕಬೇಡಿ. ಬುಗಾಂಡದ ಜನರ ಗಾಂಡಾ ಹೆಸರು ಕುಲಕ್ಕೆ ಸೇರಿದ್ದು, ಹುಡುಕಲು ಅದೇ ಆಧಾರ. ಅದನ್ನೂ ರ ಮತ್ತು ಲ ಎರಡೂ ಅಕ್ಷರಗಳ ಅಡಿಯಲ್ಲಿ ನೋಡಬೇಕು. ರುಬಾಗಾ, ಲುಬಾಗಾ ಎಂದು ಕಂಪಾಲಾದ ಒಂದು ಬೆಟ್ಟದ ಹೆಸರೇ ಎರಡು ಬಗೆಯಲ್ಲಿ ಬಳಕೆಯಲ್ಲಿದೆ.

ಅಂಚಿನ ಟಿಪ್ಪಣಿಗಳನ್ನು ಬಿಡಲೇಬೇಡಿ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ಪೋಪರ ಆಜ್ಞೆಯಂತೆ ಮದುವೆಯನ್ನು ವಧೂವರರ ದೀಕ್ಷಾಸ್ನಾನದ ಸಾಲಿನಲ್ಲೂ ನಮೂದಿಸಬೇಕಿತ್ತು. ಯಾವ ಊರಿನವರು ಯಾವ ಊರಿಗೆ ಹೋದರು ಎಂಬ ಜಾಡು ಅಲ್ಲಿದೆ. ಗೆದ್ದಲು ತಿಂದ ಪುಟ ಸಿಕ್ಕರೆ ಬಿಷಪರ ಕಚೇರಿಗೆ ಹೋಗಿ. 1917ರ ಚರ್ಚ್ ಕಾನೂನು ಪ್ರತಿ ವರ್ಷದ ಕೊನೆಗೆ ಒಂದು ನಕಲನ್ನು ಅಲ್ಲಿಗೆ ಕಳಿಸಲು ಹೇಳಿತ್ತು.

ರಿಜಿಸ್ಟರ್‌ನಲ್ಲಿ ಕಾಣದವರೂ ಇದ್ದಾರೆ. 1882ರ ನವೆಂಬರಿನಲ್ಲಿ ಊರು ಬಿಟ್ಟ ಪಾದ್ರಿಗಳು ಮರಳಿದ್ದು 1885ರ ಜುಲೈಯಲ್ಲಿ. ನಡುವೆ ಪಾಠ ನಡೆಸಿದವರು ಸ್ಥಳೀಯರೇ. 1886ರ ಮೇನಲ್ಲಿ, ಮುನ್ಯೋನ್ಯೋದಲ್ಲಿ, ಅರಮನೆಯ ಹುಡುಗ ಕಿಜಿಟೋಗೆ, ಕ್ರೈಸ್ತರಿಗೆ ರಾಜ ವಿಧಿಸಿದ ಮರಣದಂಡನೆಗೆ ಮುನ್ನ, ದೀಕ್ಷಾಸ್ನಾನ ಕೊಟ್ಟದ್ದು ಪಾದ್ರಿಯಲ್ಲ, ಅರಮನೆಯ ಹುಡುಗರ ಮುಖ್ಯಸ್ಥ ಕರೋಲಿ ಲ್ವಾಂಗಾ. ಬುಗಾಂಡದ ಭಾಷೆಯಾದ ಲುಗಾಂಡಾದಲ್ಲಿ 'ಒಕುಸೋಮಾ' ಎಂದರೆ ಓದುವುದು. ಕ್ರೈಸ್ತರಿಗೆ 'ಬಸೋಮಿ', ಓದುವವರು, ಎಂದೇ ಹೆಸರು ಬಿದ್ದಿತ್ತು. ಓದು ಕಲಿತೂ ದೀಕ್ಷಾಸ್ನಾನದ ನೀರು ಬೀಳದವರು ರಿಜಿಸ್ಟರ್‌ನಲ್ಲಿ ಇಲ್ಲ. ಅವರನ್ನು ಹುಡುಕಬೇಕಾದದ್ದು ಪ್ರತಿ ಮಿಷನ್ ಕೇಂದ್ರದಲ್ಲೂ ಪಾದ್ರಿಗಳು ಬರೆದಿಡುತ್ತಿದ್ದ ದಿನಚರಿಯಲ್ಲಿ.